ಕಂಬಳಿಯ ಮೇಲೆ ಕೂತವರು

"ಕುರುಬರ ಮನೆಗೇ ಹೊದಿಕೆ ದಾನ ಮಾಡಾಕೆ ಬಂದಾರಂತೆ! ನಾಳೆ ಮೀನಿಗೆ ನೀರು ಕುಡಿಸಾಕೆ ಕರ್ಕಂಡು ಬರ್ತೀಯೇನಲೇ?"

ದೊಡ್ಡಬೀರಪ್ಪನ ಕೂಗಿಗೆ ಹಟ್ಟಿಯ ಕುರಿಗಳೆಲ್ಲ ತಲೆಯೆತ್ತಿದವು. ತಮ್ಮನ ಮಗ ಯತೀಶ ಮೊಬೈಲು ಹಿಡಿದು ಅಂಗಳದಲ್ಲಿ ನಿಂತಿದ್ದ. ಬಡವರ ಸೇವೆಗೆಂದು ನಾರ್ವೆಯಿಂದ ಬಂದ ತಂಡಕ್ಕೆ ಸೊರಬದ ಕಡೆಯ ಹಳ್ಳಿಗಳನ್ನು ತೋರಿಸಿ, ಮಾತು ತಿಳಿಸಿ ಹೇಳುವ ಕೆಲಸ ಅವನದು. ಪಕ್ಕದಲ್ಲಿ ತಂಡದ ಹಿರಿಯಳು, ನರೆಗೂದಲಿನ ಇಂಗ್ರಿಡ್, ಮೆತ್ತನೆಯ ಕೆಂಪು ಹೊದಿಕೆಯೊಂದನ್ನು ಎದೆಗವಚಿಕೊಂಡು ಪೆಚ್ಚಾಗಿ ನಗುತ್ತಿದ್ದಳು. ಉಳಿದವರು ರಸ್ತೆಯ ಮೇಲೆ ವ್ಯಾನಿನಲ್ಲಿ ಕಾಯುತ್ತಿದ್ದರು.

"ಒಂದೇ ಫೋಟೊ ದೊಡ್ಡಪ್ಪ. ಇಸ್ಕಂಡು ಕೈ ಮುಗಿ, ಸಾಕು."

"ಬಡವ ಬೇಕಾದ್ರೆ ನೀನೇ ನಿಂತ್ಕ. ಹರಿದ ಪ್ಯಾಂಟು ಹಾಕ್ಕಂಡೀಯ, ಫೋಟೊ ಚೆನ್ನಾಗಿ ಬರ್ತದೆ. ಹಟ್ಟಿ ತುಂಬ ಕುರಿ ಇಟ್ಕಂಡು ಊರ ಮುಂದೆ ಕೈ ಒಡ್ಡಿದ್ರೆ ನನ್ನ ಮರ್ಯಾದಿ ಏನಾಗಬೇಕು?"

ದೊಡ್ಡಬೀರಪ್ಪ ಒಳಗೆ ಹೋಗಿ ಕಂಬಳಿ ತಂದು, ಕೊಡವಿ, ಜಗುಲಿಯ ಮೇಲೆ ಹಾಸಿದ. ಹಾಸಿದ ಕಂಬಳಿಯ ಮೇಲೆ ಕೂತವರು ಸುಳ್ಳಾಡಬಾರದು. ಅದು ಅವರ ಹಿರಿಯರಿಂದ ಬಂದ ಕಟ್ಟು. ಅವರಲ್ಲಿ ಕುರಿ ಕಳವಿನ ನ್ಯಾಯವೂ ಹಾಗೆಯೇ ತೀರುತ್ತಿತ್ತು.

"ಕೂಡ್ರಿಸು ಆ ಅಮ್ಮನ್ನ. ನಮ್ಮ ಕಟ್ಟು ಹೇಳು. ಆಮೇಲೆ ಕೇಳು, ನಾವು ಬಡವರು ಅಂತ ಎಲ್ಲಿ ನೋಡಿ ಗುರುತು ಹಿಡಿದ್ರಿ ಅಂತ."

ಇಂಗ್ರಿಡ್ ಬೂಟು ಬಿಚ್ಚಿಟ್ಟು ಕೂತಳು. ಯತೀಶ ಹೇಳಿದ್ದನ್ನೆಲ್ಲ ಕೇಳಿ, ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಅವಳಾಡಿದ ಮಾತನ್ನು ಯತೀಶ ತಡವರಿಸುತ್ತ ತಿಳಿಸಿದ.

"ನೀವು ಬಡವರೋ ಅಲ್ಲೋ ಅವರಿಗೆ ಗೊತ್ತಿಲ್ಲಂತೆ ದೊಡ್ಡಪ್ಪ. ಗಂಡ ತೀರಿಕೊಂಡ ಮ್ಯಾಲೆ ಮನೇಲಿ ಇರಾಕೆ ಆಗ್ಲಿಲ್ಲಂತೆ. ಎಲ್ಲಿಗಾದ್ರೂ ಹೋಗಬೇಕಿತ್ತು, ಈ ತಂಡದೋರು ಕರೆದ್ರು, ಬಂದ್ರಂತೆ. ಬರಿಗೈಲಿ ಹೆಂಗೆ ಬರೋದು ಅಂತ ಇದನ್ನ ತಂದಾರಂತೆ."

ದೊಡ್ಡಬೀರಪ್ಪನಿಗೆ ಸಿಟ್ಟನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಾಲಮ್ಮ ಅಷ್ಟಕ್ಕೇ ಬಿಡಲಿಲ್ಲ.

"ಕೂಡ್ರಿಸಿದೋರೂ ಕೂಡ್ರಬೇಕು. ಅದೂ ಕಟ್ಟೇ. ಕೂತ್ಕಳ್ರಿ. ಈ ಕಂಬಳಿ ನೇಯ್ದೋರು ಯಾರು, ಹೇಳ್ರಿ."

ದೊಡ್ಡಬೀರಪ್ಪ ಕಂಬಳಿಯ ಅಂಚಿನಲ್ಲಿ ಕೂತ. ಕೆಮ್ಮಿದ.

"ಸಂತೇಲಿ ತಂದಿದ್ದು. ನಮ್ಮ ಮಗ್ಗ ಅಪ್ಪನ ಕಾಲಕ್ಕೇ ಮುರೀತು."

"ಹೊದ್ಕಂಡ್ರೆ ಹೆಂಗೈತೆ?"

"ಚುಚ್ತದೆ ಕಣೆ. ನಿದ್ದೇನೇ ಬರಲ್ಲ."

ಹಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಏನೂ ತಿಳಿಯದಿದ್ದರೂ ಇಂಗ್ರಿಡ್ ಕೂಡ ನಕ್ಕಳು. ದೊಡ್ಡಬೀರಪ್ಪ ಎದ್ದು ನಿಂತು, ಎರಡೂ ಕೈ ನೀಡಿ ಕೆಂಪು ಹೊದಿಕೆ ಇಸಿದುಕೊಂಡ. ಹಣೆಗೊತ್ತಿಕೊಂಡು ಹೆಗಲಿಗೆ ಹಾಕಿದ. "ಆ ಅಮ್ಮಂಗೆ ರೊಟ್ಟಿ ಹಾಕಿ ಕಳಿಸು" ಎಂದವನೇ ಕುರಿಗಳನ್ನು ಬಿಟ್ಟುಕೊಂಡು ಹೊರಟ.

"ದೊಡ್ಡಪ್ಪ, ಫೋಟೊ!" ಎಂದು ಯತೀಶ ಹಿಂದೆ ಓಡಿದ. ಅವನು ತಿರುಗಿ ನೋಡಲಿಲ್ಲ.

"ಬಿಡಪ್ಪ, ಎಲ್ಲಿಗೆ ಹೋಗ್ತಾರೆ. ಮದುವೆ ಆದಾಗಿಂದ ಇವತ್ತೇ ನಿಜ ಬಾಯಿ ಬಿಟ್ಟಾರೆ. ಇನ್ನೂ ಕೇಳೋದು ಬಾಳ ಐತೆ," ಎಂದಳು ಹಾಲಮ್ಮ.

ಇಂಗ್ರಿಡ್ ರೊಟ್ಟಿ ತಿಂದಳು, ವ್ಯಾನು ಹೋಯಿತು, ಹೊತ್ತು ಮುಳುಗಿತು. ಕುರಿಗಳು ತಾವೇ ಹಟ್ಟಿಗೆ ಬಂದವು. ದೊಡ್ಡಬೀರಪ್ಪ ಬರಲಿಲ್ಲ. ಹಾಲಮ್ಮ ಜಗುಲಿಯ ಮೇಲಿನ ಕಂಬಳಿಯನ್ನು ಇನ್ನೂ ಎತ್ತಿರಲಿಲ್ಲ.