ಒಂದು ಓಟು ಕಮ್ಮಿ

ಭಾವ ಕಟಿಂಗ್‌ಗೆ ಕೂರುವ ಮುಂಚೆ ಕನ್ನಡಿಗೆ ಅಂಟಿಸಿದ್ದ ತಮ್ಮ ಪಕ್ಷದ ಪೋಸ್ಟರನ್ನು ಅವಳು ಅರ್ಧ ಕಟಿಂಗ್‌ನಲ್ಲೇ ಕಿತ್ತೇಬಿಟ್ಟಳು. ಸಲೂನು ಅವಳದು.

“ಹಾಗಾದ್ರೆ ನಿನ್ನ ಓಟು ಆ ಪಕ್ಷೇತರನಿಗಾ? ಸರ್ಕಾರವೇ ಬೇಡ ಅನ್ನೋನಿಗೆ?”

“ಸಲೂನು ನಡೆಸೋಕೆ ಯಾರ ಅಪ್ಪಣೆಯೂ ಬೇಡ ಅಂತಾನೆ, ಒಪ್ಪಿದೆ. ಸರ್ಕಾರಿ ಆಸ್ಪತ್ರೆ ಮುಚ್ಚಬೇಕು ಅಂತಾನೆ, ನಮ್ಮಮ್ಮನ ಜೀವ ಉಳಿದಿದ್ದೇ ಅಲ್ಲಿ. ಎರಡು ದೊಡ್ಡ ಪಕ್ಷದವರೂ ಆಸ್ಪತ್ರೆ ಕಟ್ಟಿಸ್ತೀವಿ ಅಂತಾರೆ, ಆದ್ರೆ ನನ್ನಂಥವರ ಬಾಗಿಲಿಗೆ ಬಂದು ದಿನಕ್ಕೊಂದು ಲೈಸೆನ್ಸು ಕೇಳ್ತಾರೆ. ಇನ್ನೂ ಅಳೆದು ತೂಗ್ತಿದ್ದೀನಿ, ಭಾವ.”

“ಅಳೆಯೋದೇನು? ಮನೆ ಓಟೆಲ್ಲ ನಮ್ಮ ಪಕ್ಷಕ್ಕೇ ಅಂತ ಪಕ್ಷದವರಿಗೆ ಮಾತು ಕೊಟ್ಟಾಯ್ತು.”

ಮದುವೆಯಾದಾಗಿನಿಂದ ಗಂಡನ ಅಣ್ಣನಿಗೆ ಎದುರಾಡದವಳು ಕತ್ತರಿ ಕೆಳಗಿಟ್ಟಳು. “ನನ್ನ ಓಟಿಗೆ ಮಾತು ಕೊಡೋಕೆ ನೀವ್ಯಾರು? ಈಗಲೇ ಅವರಿಗೆ ಫೋನ್ ಮಾಡಿ, ಒಂದು ಓಟು ಕಮ್ಮಿ ಅನ್ನಿ. ಆಮೇಲೆ ಮಿಕ್ಕ ಕಟಿಂಗ್.”

ಭಾವ ಕನ್ನಡಿ ನೋಡಿಕೊಂಡರು. ತಲೆಯ ಒಂದು ಕಡೆ ಬಯಲು, ಇನ್ನೊಂದು ಕಡೆ ಕಾಡು. ಹಲ್ಲು ಕಚ್ಚಿಕೊಂಡು ಫೋನ್ ತೆಗೆದರು.