ಬೌಲರ್ ಅದಲುಬದಲು

ವಾರಿಜಾಳನ್ನು ನೋಡಲು ಗಂಡಿನ ಕಡೆಯವರು ಬಂದು ಒಂದು ಗಂಟೆಯಾಗಿದ್ದರೂ ಅವಳನ್ನು ಇನ್ನೂ ಯಾರೂ ನೋಡಿರಲಿಲ್ಲ. ಇಬ್ಬರು ಅಪ್ಪಂದಿರಿಗೂ ನೆಚ್ಚಿನದಾದ ಕ್ರಿಕೆಟ್ ತಂಡ ತನ್ನ ಕೊನೇ ಓವರಿನ ಬೌಲರನ್ನು ಕೊಟ್ಟು ಬೇರೆ ತಂಡದವನನ್ನು ತಂದಿತ್ತು. ಅವರಿಗೆ ಅದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ.

"ಹೋದವನ ಯಾರ್ಕರ್ ಇನ್ಯಾರಿಗೆ ಬರುತ್ತೆ ಸ್ವಾಮಿ?" ಎಂದರು ಗಂಡಿನ ಅಪ್ಪ.

"ಹೋದ ಸಲ ಕೊನೇ ಓವರಲ್ಲಿ ಇಪ್ಪತ್ತಾರು ರನ್ ಕೊಟ್ಟ. ದಾನಶೂರ," ಎಂದರು ಅವಳ ಅಪ್ಪ.

"ಬಂದವನಿಗೆ ಮಂಡಿನೋವು. ಊರಿನ ಆಸ್ಪತ್ರೆ ನೋಡೋಕೆ ಬರ್ತಿರಬೇಕು."

"ನಿಮಗೆ ಆಟ ಗೊತ್ತಿಲ್ಲ ಬಿಡಿ."

"ಹಾಗಾದ್ರೆ ಈ ಸಂಬಂಧಾನೂ ಬೇಡ," ಎಂದು ಗಂಡಿನ ಅಪ್ಪ ಎದ್ದೇಬಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಬಂದ ವಾರಿಜಾ ಹುಡುಗನ ಮುಂದೆ ಕಾಫಿ ಹಿಡಿದು, "ನೀವು ಯಾವ ಬೌಲರ್ ಕಡೆ?" ಎಂದು ಮೆಲ್ಲಗೆ ಕೇಳಿದಳು.

ಹುಡುಗ ತಪ್ಪೊಪ್ಪಿಕೊಳ್ಳುವವನಂತೆ ತಲೆ ತಗ್ಗಿಸಿ, "ನಾನು ಕ್ರಿಕೆಟ್ ನೋಡಲ್ಲ ರೀ," ಎಂದ.

"ಅಪ್ಪಾ, ನಂಗೆ ಒಪ್ಪಿಗೆ," ಎಂದಳು ವಾರಿಜಾ.