ತಿರುವಿನ ಅಳತೆ

ಗಟ್ಟಿಯಾಗಿದ್ದ ಹಳೆಯ ಮೆಟ್ಟಿಲನ್ನು ಕೀಳಿಸಿ, ಅಗಲವಾಗಿ ಬಾಗಿ ಇಳಿಯುವ ಮರದ ಮೆಟ್ಟಿಲೇ ಬೇಕೆಂದು ಸೊಸೆ ಯಾಕೆ ಹಟ ಹಿಡಿದಳೋ ಮರಿಬಸಪ್ಪನವರಿಗೆ ತಿಳಿಯಲಿಲ್ಲ. ಅವರು ಹತ್ತಿರ ಬಂದರೆ ಅವಳೂ ಬಡಗಿಯೂ ಮಾತು ನಿಲ್ಲಿಸಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಬಡಗಿ ಆಳುದ್ದದ ಹಲಗೆಯೊಂದನ್ನು ತಿರುವಿನಲ್ಲಿ ಹಾಯಿಸಿ ನೋಡುತ್ತಿದ್ದ.

"ಮಲಗಿದೋರನ್ನ ಎತ್ಕೊಂಡು ಇಳಿಸೋವಾಗ ಗೋಡೆಗೆ ತಾಗಬಾರ್ದು," ಎಂದು ಸೊಸೆ ಅವನಿಗೆ ಪಿಸುಗುಟ್ಟಿದ್ದು ಮರಿಬಸಪ್ಪನವರ ಕಿವಿಗೆ ಬಿತ್ತು. ಅವರಿಗೆ ಮೈಯೆಲ್ಲ ಉರಿಯಿತು.

"ನಾನಿನ್ನೂ ಓಡಾಡ್ತಾ ಇದ್ದೀನಲ್ಲಮ್ಮ. ನನ್ನ ಹೆಣಕ್ಕೆ ಈಗ್ಲೇ ದಾರಿ ಮಾಡಿಸ್ತಿದ್ದೀಯಾ?"

ಬಡಗಿ ತಲೆ ತಗ್ಗಿಸಿ ಹೊರಗೆ ಹೋದ. ಸೊಸೆ ಅರ್ಧ ಮುಗಿದಿದ್ದ ಮೆಟ್ಟಿಲ ಮೇಲೆ ನಿಧಾನವಾಗಿ ಕೂತಳು.

"ನಿಮಗಲ್ಲ ಮಾವ, ನನಗೆ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ."